ಹಳೆಯ ಆಯುಧಗಳ ಸಂಗ್ರಹಣೆ ಮತ್ತು ಶಸ್ತ್ರ ಕಾಯಿದೆ: ಒಂದು ವಿವೇಚನೆ

ಇತಿಹಾಸದ ಆಕರಗಳನ್ನು ಎಣಿಸುವಾಗ ನಾವು ಶಿಲಾಲಿಪಿ, ತಾಮ್ರಪಟ, ನಾಣ್ಯ, ಕಡತ ಮುಂತಾದವುಗಳನ್ನು ಮೊದಲು ಹೆಸರಿಸುವುದು ವಾಡಿಕೆ. ಮನೆಯ ಅಟ್ಟದ ಮೇಲೆ ತುಕ್ಕು ಹಿಡಿದು ಬಿದ್ದಿರುವ ಕೋವಿ ಈ ಪಟ್ಟಿಯಲ್ಲಿ ಸೇರುವುದು ಅಪರೂಪ. ಈ ಆಕರಕ್ಕೆ ಒಂದು ವಿಶೇಷ ತೊಡಕೂ ಉಂಟು: ಇದನ್ನು ಇಟ್ಟುಕೊಳ್ಳುವುದೇ ಅಪರಾಧವಾಗಬಹುದು. ಯಾವ ಆಯುಧವು ಕಾನೂನಿನ ದೃಷ್ಟಿಯಲ್ಲಿ ಇನ್ನೂ ಆಯುಧವಾಗಿಯೇ ಉಳಿದಿದೆ, ಯಾವುದು ಕೇವಲ ಪುರಾತನ ವಸ್ತುವಾಗಿದೆ ಎಂಬ ಪ್ರಶ್ನೆಯು ಆದುದರಿಂದ ವಕೀಲರಿಗೆ ಮಾತ್ರವಲ್ಲದೆ ಇತಿಹಾಸದ ಅಧ್ಯಾಪಕರಿಗೂ ಸಂಬಂಧಿಸಿದುದಾಗಿದೆ. ಇದನ್ನು ಸ್ಥೂಲವಾಗಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಈ ಕಾನೂನಿನ ಹುಟ್ಟು ಪುರಾತನ ವಸ್ತುಗಳ ಮೇಲಿನ ಕಾಳಜಿಯಿಂದ ಆದುದಲ್ಲ. ಪ್ರಜೆಗಳ ಭಯದಿಂದ ಆದುದು. 1857ರ ದಂಗೆಯ ನಡುವೆ ಕಂಪನಿ ಸರ್ಕಾರವು ಆಯುಧಗಳ ಮಾರಾಟವನ್ನೂ ಸ್ವಾಧೀನವನ್ನೂ ನಿಯಂತ್ರಿಸುವ ಕಾಯಿದೆಯನ್ನು ಜಾರಿಗೆ ತಂದಿತು. ಅದರ ಪರಿಣಾಮವನ್ನು ಕನ್ನಡ ನಾಡು ಬಹು ಬೇಗ ಕಂಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿ ಅದೇ ವರ್ಷದ ನವೆಂಬರಿನಲ್ಲಿ ಎದುರುಬಿದ್ದರು. ಸೈನ್ಯ ಬಂದು ಆ ಊರನ್ನು ದಮನ ಮಾಡಿತು. ಈ ಪ್ರಸಂಗವನ್ನು ಕುರಿತ ಲಾವಣಿಯನ್ನು ಜೆ. ಎಫ್. ಫ್ಲೀಟರು 1885ರಲ್ಲಿ ಪ್ರಕಟಿಸಿದುದರಿಂದ ಅದು ವಿದ್ವತ್ ಪ್ರಪಂಚಕ್ಕೂ ಪರಿಚಿತವಾಯಿತು. ಹಾಡು ಉಳಿಯಿತು, ಆದರೆ ಯಾವ ಆಯುಧಗಳಿಗಾಗಿ ಆ ಜನ ಪ್ರಾಣ ಕೊಟ್ಟರೋ ಅವುಗಳ ವಿಷಯದಲ್ಲಿ ಆ ಮಾತನ್ನು ಹೇಳುವಂತಿಲ್ಲ.

ಇದಕ್ಕೆ ತೀರ ವ್ಯತಿರಿಕ್ತವಾದುದು ಕೊಡಗಿನ ಇತಿಹಾಸ. ಅಲ್ಲಿಯ ಜನರ ನಿಷ್ಠೆಯನ್ನು ಮೆಚ್ಚಿ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ನಿಶ್ಶಸ್ತ್ರೀಕರಣದಿಂದ ಅವರಿಗೆ ವಿನಾಯಿತಿ ನೀಡಿದನು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಈ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಮುಂದುವರಿಯುತ್ತ ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು ಹತ್ತು ವರ್ಷಗಳ ಅವಧಿಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಂದು ಕೋವಿಯನ್ನು ಪೂಜೆಗಿಡುವ ಸಂಪ್ರದಾಯ ಅಲ್ಲಿ ಉಳಿದು ಬಂದುದಕ್ಕೆ ಜನರ ಶ್ರದ್ಧೆಯಂತೆಯೇ ಈ ಕಾನೂನೂ ಒಂದು ಕಾರಣ. ಹಲಗಲಿಯಲ್ಲಿ ಕಸಿದದ್ದೂ ಕೊಡಗಿನಲ್ಲಿ ಉಳಿಸಿದ್ದೂ ಒಂದೇ ಆಡಳಿತ ನೀತಿಯ ಎರಡು ಮುಖಗಳೆಂಬುದನ್ನು ನಾವು ಮರೆಯಲಾಗದು.

1878ರಲ್ಲಿ ಲಿಟ್ಟನ್ನನ ಕಾಲದಲ್ಲಿ ಬಂದ ಶಸ್ತ್ರ ಕಾಯಿದೆಯು ಬಂದೂಕುಗಳನ್ನಷ್ಟೇ ಅಲ್ಲದೆ ಕತ್ತಿ, ಕಠಾರಿ, ಈಟಿ, ಬಿಲ್ಲು ಬಾಣಗಳನ್ನೂ ಆಯುಧಗಳ ಅರ್ಥದೊಳಗೆ ಸೇರಿಸಿತು. ಅದರ ನಿಯಮಗಳು ಯೂರೋಪಿಯನ್ನರಿಗೆ ವಿನಾಯಿತಿ ಕೊಟ್ಟು ಭಾರತೀಯರಿಗೆ ಪರವಾನಗಿಯನ್ನು ಕಡ್ಡಾಯ ಮಾಡಿದ್ದು ರಾಷ್ಟ್ರೀಯ ಚಳವಳಿಯ ಬಹುಕಾಲದ ದೂರಾಯಿತು. 1930ರಲ್ಲಿ ಗಾಂಧೀಜಿಯವರು ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಬಂದೂಕಿನ ಪರವಾನಗಿಯೂ ಒಂದಾಗಿತ್ತು. ಮರುವರ್ಷ ಕರಾಚಿ ಕಾಂಗ್ರೆಸ್ಸು ಅಂಗೀಕರಿಸಿದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿಯೂ ನಿಯಮಬದ್ಧವಾಗಿ ಆಯುಧ ಹೊಂದುವ ಹಕ್ಕು ಸೇರಿತ್ತು.

ಸ್ವತಂತ್ರ ಭಾರತದ 1959ರ ಶಸ್ತ್ರ ಕಾಯಿದೆಯು 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಬಂದೂಕಿಗೆ ಎಲ್ಲೆಡೆಯೂ ಪರವಾನಗಿ ಬೇಕು. ಕತ್ತಿ ಮುಂತಾದ ಹರಿತ ಆಯುಧಗಳಿಗಾದರೋ ಸರ್ಕಾರವು ಪ್ರಕಟಣೆಯ ಮೂಲಕ ಸೂಚಿಸಿದ ಪ್ರದೇಶಗಳಲ್ಲಿ ಮಾತ್ರ ಬೇಕು ಎಂಬ ಭೇದವನ್ನು ಇದು ಮಾಡಿತು. ಸಂಗ್ರಾಹಕರಿಗೆ ಮುಖ್ಯವಾದುದು ಇದರ 45ನೆಯ ಕಲಮು. ಬಳಕೆ ತಪ್ಪಿದ ಮಾದರಿಯ, ಅಥವಾ ಪುರಾತನ ಮೌಲ್ಯದ, ಅಥವಾ ಕೆಟ್ಟುಹೋದ ಆಯುಧಕ್ಕೆ ಈ ಕಾಯಿದೆ ಅನ್ವಯಿಸದು. ಆದರೆ ಅದು ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದಂತಿರಬೇಕು. ಆಯುಧದ ಬಿಡಿ ಭಾಗಗಳಿಗೂ ಇದೇ ಕಲಮು ಮಿತವಾದ ವಿನಾಯಿತಿ ಕೊಟ್ಟಿದೆ: ಅವು ಸಣ್ಣ ಭಾಗಗಳಾಗಿರಬೇಕು, ಮತ್ತು ಪೂರಕ ಭಾಗಗಳೊಡನೆ ಜೋಡಿಸಿ ಬಳಸುವ ಉದ್ದೇಶದಿಂದ ಇಟ್ಟುಕೊಂಡವಾಗಿರಬಾರದು.

ಈ ಮಾತುಗಳನ್ನು ಎಚ್ಚರಿಕೆಯಿಂದ ಓದಬೇಕು. ವಯಸ್ಸು ಒಂದೇ ಸಾಲದು. ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಬಹುಮಂದಿ ವಸ್ತುಸಂಗ್ರಹಾಲಯದ ಸಾಮಗ್ರಿಯೆಂದು ಭಾವಿಸುತ್ತಾರೆ. ಆದರೆ ಇದೇ ಕಾಯಿದೆಯ 13ನೆಯ ಕಲಮು ಬೆಳೆ ರಕ್ಷಣೆಗಾಗಿ ಅಂಥ ಕೋವಿಗೆ ಪರವಾನಗಿ ಕೊಡುವುದನ್ನು ಹೇಳುತ್ತದೆ. ಅಂದ ಮೇಲೆ ಕಾನೂನಿನ ಕಣ್ಣಿನಲ್ಲಿ ಅದು ಜೀವಂತ ಆಯುಧವೇ ಸರಿ. ತುಕ್ಕು ಹಿಡಿದುದೂ ಸಾಲದು. ಕಮ್ಮಾರನೊಬ್ಬನು ಸರಿಪಡಿಸಬಲ್ಲನಾದರೆ ವಿನಾಯಿತಿ ಇಲ್ಲ. ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಂಡವರಿಗೆ 2019ರ ತಿದ್ದುಪಡಿಯ ತರುವಾಯ ಎರಡರಿಂದ ಐದು ವರ್ಷಗಳ ಕಾರಾಗೃಹವಾಸದ ವಿಧಿಯುಂಟು. ಅದೇ ತಿದ್ದುಪಡಿಯು ಒಬ್ಬರು ಹೊಂದಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ವಂಶಪಾರಂಪರ್ಯವಾಗಿ ಬಂದವುಗಳಿಗೂ ಈ ಮಿತಿ ಅನ್ವಯಿಸುತ್ತದೆ.

ಇಂಗ್ಲೆಂಡಿನ ಕ್ರಮ ಇಲ್ಲಿ ಹೋಲಿಕೆಗೆ ಯೋಗ್ಯವಾಗಿದೆ. ಅಲ್ಲಿಯ 1988ರ ಕಾಯಿದೆಯ ಪ್ರಕಾರ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಬಂದೂಕು ಪರೀಕ್ಷಾಲಯವು ಮುದ್ರೆಯೊತ್ತಿ, ನಿಷ್ಕ್ರಿಯಗೊಂಡಿದೆಯೆಂದು ಲಿಖಿತವಾಗಿ ದೃಢೀಕರಿಸಿದ ಬಂದೂಕನ್ನು ಬಂದೂಕಲ್ಲವೆಂದು ಭಾವಿಸಲಾಗುತ್ತದೆ. ನಮ್ಮ 45ನೆಯ ಕಲಮು ಲಕ್ಷಣವನ್ನು ಹೇಳುತ್ತದೆಯೇ ಹೊರತು ಪರೀಕ್ಷಕನನ್ನು ಹೆಸರಿಸುವುದಿಲ್ಲ. ಈ ಕಾರಣದಿಂದ ಸಾಮಾನ್ಯ ಮನೆತನದವರು ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುವ ಸಂಭವವಿದೆ: ಭಯಪಟ್ಟು ವಸ್ತುವನ್ನು ಕೆರೆ ಬಾವಿಗಳಿಗೆ ಎಸೆಯುವುದು, ಇಲ್ಲವೆ ನಳಿಗೆಯನ್ನು ಕೊರೆದು ಬೆಸುಗೆ ಹಾಕಿಸಿ ತಾವೇ ಅದನ್ನು ನಿರುಪಯುಕ್ತಗೊಳಿಸುವುದು. ಎರಡರಿಂದಲೂ ಇತಿಹಾಸಕ್ಕೆ ನಷ್ಟವೇ. ತಯಾರಕನ ಮುದ್ರೆ, ಕುದುರೆಯ ರಚನೆ, ನಳಿಗೆಯ ಒಳ ಅಳತೆ ಇವುಗಳಿಂದಲೇ ಆಯುಧದ ಕಾಲದೇಶಗಳು ನಿರ್ಣಯವಾಗಬೇಕಾಗಿದೆ. ಅಲ್ಲದೆ ಬಂದೂಕಿನ ಮೇಲಿನ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವುದನ್ನು 8ನೆಯ ಕಲಮು ನಿಷೇಧಿಸಿದೆ. ಇಲ್ಲಿ ಕಾನೂನೂ ಇತಿಹಾಸವೂ ಒಂದೇ ಮಾತನ್ನು ಹೇಳುತ್ತಿರುವುದು ಗಮನಾರ್ಹ.

ಬಾವಿಯೂ ಒಮ್ಮೊಮ್ಮೆ ಭಂಡಾರವಾಗುವುದುಂಟು. ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದ ಹಾಳು ಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಮಿಕ್ಕ ಕಬ್ಬಿಣದ ರಾಕೆಟ್ಟುಗಳು ದೊರೆತವು. ಅವು ಟಿಪ್ಪುವಿನ ಕಾಲದವೆಂದು ಪುರಾತತ್ವ ಇಲಾಖೆಯವರು ಗುರುತಿಸಿದರು. ಮೈಸೂರಿನ ರಾಕೆಟ್ಟಿನ ವಿಷಯದಲ್ಲಿ ಅದುವರೆಗೆ ಬಹುಮಟ್ಟಿಗೆ ಶತ್ರುಪಕ್ಷದವರ ಬರಹಗಳನ್ನೇ ಆಶ್ರಯಿಸಿದ್ದ ನಮಗೆ ಈ ಶೋಧದಿಂದ ಸಾಕ್ಷಾತ್ ವಸ್ತುವೇ ದೊರೆತಂತಾಯಿತು. ಸರ್ಕಾರದ ವಶಕ್ಕೆ ಬಂದುದರಿಂದ ಅವು ಅಧ್ಯಯನಕ್ಕೆ ಒದಗಿದವು. ಗುಜರಿಯ ಅಂಗಡಿಗೆ ಹೋಗಿದ್ದರೆ ಕಬ್ಬಿಣದ ತೂಕದ ಬೆಲೆಯಷ್ಟೇ ಉಳಿಯುತ್ತಿತ್ತು.

ಈ ವಿವೇಚನೆಯಿಂದ ಕೆಲವು ಮಾತುಗಳು ಫಲಿಸುತ್ತವೆ. ವಿದ್ಯಾರ್ಥಿಗಳ ಮನೆಯಲ್ಲಿಯೋ ಪರಿಚಿತರಲ್ಲಿಯೋ ಹಳೆಯ ಆಯುಧವಿದ್ದರೆ ಅದನ್ನು ಹಾರಿಸಿ ನೋಡುವುದಾಗಲಿ, ಉಜ್ಜಿ ಹೊಳಪುಗೊಳಿಸುವುದಾಗಲಿ, ಕೊರೆಯುವುದಾಗಲಿ ಕೂಡದು. ಪರವಾನಗಿ ನೀಡುವ ಅಧಿಕಾರಿಗೆ ಬರಹದಲ್ಲಿ ತಿಳಿಸಿ, ಪರಿಣತರಿಂದ ಪರೀಕ್ಷೆ ಮಾಡಿಸಿಕೊಳ್ಳುವುದು ಕ್ಷೇಮಕರ. ಸಾಧ್ಯವಾದಷ್ಟೂ ಅದನ್ನು ವಸ್ತುಸಂಗ್ರಹಾಲಯಕ್ಕೆ ಸೇರಿಸುವುದು ಮೇಲು. ಒಪ್ಪಿಸುವುದಕ್ಕೆ ಮೊದಲು ಛಾಯಾಚಿತ್ರ, ಅಳತೆ, ಗುರುತುಗಳ ಪ್ರತಿ, ಮನೆಯ ಹಿರಿಯರು ಹೇಳುವ ವೃತ್ತಾಂತ ಇಷ್ಟನ್ನಾದರೂ ದಾಖಲಿಸಿಕೊಳ್ಳಬೇಕು. ಕಾನೂನು ಆಯುಧದ ಶಕ್ತಿಯನ್ನು ಮಾತ್ರ ವಿಚಾರಿಸುತ್ತದೆ. ಅದನ್ನು ಹಿಡಿದವರು ಯಾರು, ಏಕೆ ಹಿಡಿದರು ಎಂಬುದನ್ನು ವಿಚಾರಿಸುವ ಹೊಣೆ ನಮ್ಮದು.