ಬೆನ್ನುರೆಕ್ಕೆಯ ಗುರುತು

ಕೆನಡಾದ ಪಶ್ಚಿಮ ಕರಾವಳಿಯ ಬೆಸ್ತರು ಓರ್ಕಾವನ್ನು ಬಹುಕಾಲ ಶತ್ರುವೆಂದೇ ಎಣಿಸಿದ್ದರು. ಡಾಲ್ಫಿನ್ ಕುಲಕ್ಕೆ ಸೇರಿದ ಈ ಪ್ರಾಣಿಗೆ ‘ಕೊಲೆಗಾರ ತಿಮಿಂಗಿಲ’ವೆಂದು ಹೆಸರು; ಹೆಸರಿನಲ್ಲೇ ಅರ್ಧ ತೀರ್ಪು ಅಡಗಿತ್ತು. ಸಾವಿರಗಟ್ಟಲೆ ಇವೆಯೆಂಬ ನಂಬಿಕೆಯಿಂದ, 1960ರ ದಶಕದಲ್ಲಿ ಪ್ರದರ್ಶನಕ್ಕೆಂದು ಮರಿಗಳನ್ನು ಬಲೆಯೊಡ್ಡಿ ಹಿಡಿದೊಯ್ದಾಗ ಮರುಗಿದವರು ವಿರಳ.

1971ರಲ್ಲಿ ಸರ್ಕಾರಿ ವಿಜ್ಞಾನಿ ಮೈಕೆಲ್ ಬಿಗ್ ಅವರು ಬೆಸ್ತರಿಗೂ ದೋಣಿಯವರಿಗೂ ದೀಪಸ್ತಂಭದ ಕಾವಲುಗಾರರಿಗೂ ಸಾವಿರಾರು ಪ್ರಶ್ನಾವಳಿಗಳನ್ನು ಕಳುಹಿಸಿದರು: ಗೊತ್ತುಪಡಿಸಿದ ದಿನ ನೀವು ಕಂಡ ಓರ್ಕಾಗಳೆಷ್ಟು? ಉತ್ತರಗಳಿಂದ ಹೊರಟ ಅಂದಾಜು ಹೆಚ್ಚೆಂದರೆ 350! ಬಳಿಕ ಬಿಗ್ ಮತ್ತು ಸಂಗಡಿಗರು ಕ್ಯಾಮೆರಾ ಹಿಡಿದು ದೋಣಿಯೇರಿದರು. ಬೆನ್ನುರೆಕ್ಕೆಯ ಕಚ್ಚು, ಅದರ ಹಿಂದಿನ ಬೂದು ಮಚ್ಚೆ ಒಂದರದು ಇನ್ನೊಂದರಂತಿಲ್ಲ. ಚಿತ್ರಗಳನ್ನು ಜೋಡಿಸಿದಂತೆ ಎಣಿಕೆಯಷ್ಟೇ ಅಲ್ಲ, ವಂಶಾವಳಿಯೂ ತೆರೆದುಕೊಂಡಿತು. ಅಲ್ಲಿನ ಮೀನು ತಿನ್ನುವ ಗುಂಪುಗಳಲ್ಲಿ ಮಗನಾಗಲಿ ಮಗಳಾಗಲಿ ತಾಯಿಯ ಬಳಗವನ್ನು ಬಾಳಿನುದ್ದಕ್ಕೂ ಅಗಲುವುದಿಲ್ಲ.

ಹಾಗಾದರೆ ಬಲೆ ಕಿತ್ತುಕೊಂಡದ್ದು ಏನನ್ನು? ಗಡಿಯಾಚೆ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೆನ್ ಕೋವ್‌ನಲ್ಲಿ 1970ರಲ್ಲಿ ಸೆರೆಯಾದ ಹೆಣ್ಣುಮರಿಯೊಂದು ಬಹುದೂರದ ಮಯಾಮಿಯ ಕೊಳದಲ್ಲಿ ಸುಮಾರು 53 ವರ್ಷ ಕಳೆದು 2023ರಲ್ಲಿ ಸತ್ತಿತು. ಅದರ ಬಳಗದವು ಇಂದಿಗೂ ಆ ಕಡಲಿನಲ್ಲಿವೆ. ದೋಣಿಯಿಂದ ನೋಡುವವರು ಅವನ್ನು ಬೆನ್ನುರೆಕ್ಕೆಯಿಂದಲೇ ಗುರುತಿಸುತ್ತಾರೆ.