ಹನ್ನೆರಡು ಚೌಕಗಳಲ್ಲಿ ಒಂದು ಮದುವೆ

ಮದುವೆಗೂ ಛಾಯಾಚಿತ್ರಕ್ಕೂ ಇರುವ ನಂಟು ನಾವು ಭಾವಿಸುವಷ್ಟು ಹಳೆಯದಲ್ಲ. ಪ್ಯಾರಿಸಿನಲ್ಲಿ ದಗೇರನ ವಿಧಾನದ ಗುಟ್ಟನ್ನು ಲೋಕಕ್ಕೆ ಬಿಚ್ಚಿ ಹೇಳಿದ್ದು 1839ರ ಆಗಸ್ಟಿನಲ್ಲಿ. ಅದಾಗಿ ಆರು ತಿಂಗಳು ಕಳೆಯುವ ಮೊದಲೇ, 1840ರ ಫೆಬ್ರುವರಿ 10ರಂದು, ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿಯ ಮದುವೆ ನಡೆಯಿತು. ಆ ಮದುವೆಯ ಒಂದೇ ಒಂದು ಛಾಯಾಚಿತ್ರವೂ ಇಲ್ಲ. ಆಕೆಯ ಮದುವೆಯದೆಂದು ಬಹುಕಾಲ ಪ್ರಚಾರದಲ್ಲಿದ್ದ ಚಿತ್ರಗಳು 1854ರಲ್ಲಿ ರೋಜರ್ ಫೆಂಟನ್ ತೆಗೆದವು. ರಾಣಿಯೂ ಆಲ್ಬರ್ಟನೂ ಅಲ್ಲಿ ತೊಟ್ಟಿರುವುದು ದರ್ಬಾರಿನ ಉಡುಪು. ಆಕೆಯ ಹಿರಿಯ ಮಗಳ ಮದುವೆ 1858ರ ಜನವರಿ 25ರಂದು ನಡೆದಾಗ ಮಾತ್ರ, ಮೆರವಣಿಗೆ ಹೊರಡುವ ಮೊದಲು, ತಂದೆ, ತಾಯಿ, ಮಗಳು ಮೂವರೂ ಕ್ಯಾಮೆರಾದ ಮುಂದೆ ನಿಂತರು. ತಂದೆಯ ಮುಖವೂ ಮಗಳ ಮುಖವೂ ಮೂಡಿದವು. ತಾಯಿಯ ಮುಖ ಕಲಸಿಹೋಯಿತು. ತಾನು ನಡುಗುತ್ತಿದ್ದುದೇ ಅದಕ್ಕೆ ಕಾರಣವೆಂದು ರಾಣಿ ತನ್ನ ದಿನಚರಿಯಲ್ಲಿ ಬರೆದುಕೊಂಡಳು. ಬೆಳ್ಳಿಯ ಲೇಪವಿದ್ದ ಆ ತಾಮ್ರದ ತಗಡು ಇಂದಿಗೂ ಉಳಿದಿದೆ. ಹೆಣ್ಣೊಪ್ಪಿಸುವ ಹೊತ್ತಿನ ತಾಯಿಯ ಚಿತ್ರ ಅದಕ್ಕಿಂತ ನಿಜವಾಗಿ ಮೂಡಬಹುದಾಗಿತ್ತೆ ಎಂದು ನಾನು ಅನೇಕ ವೇಳೆ ಯೋಚಿಸಿದ್ದೇನೆ.

ಅಲುಗಾಡುವವರನ್ನು ಹಿಡಿಯುವುದು ಹೇಗೆ? ಮದುವೆಯ ಛಾಯಾಗ್ರಹಣದ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತ ಬೆಳೆದುಬಂದಿದೆ. ಕ್ಯಾಮೆರಾ ನಮ್ಮ ದೇಶಕ್ಕೆ ತಡಮಾಡಿ ಬರಲಿಲ್ಲ. 1840ರಲ್ಲೇ ಕಲ್ಕತ್ತೆಯ ಪತ್ರಿಕೆಯಲ್ಲಿ ಅದರ ಜಾಹೀರಾತು ಕಾಣಿಸಿಕೊಂಡಿತು. ನಮ್ಮ ಸೀಮೆಯಲ್ಲಿ 1854ರ ಕೊನೆಯಲ್ಲಿ ಲಿನೇಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ಕಾಗದದ ನೆಗೆಟಿವ್‌ಗಳ ಮೇಲೆ ಸೆರೆಹಿಡಿದ. ಬೇಲೂರಿನ ಶಿಲಾಬಾಲಿಕೆಯರು ಎಷ್ಟು ಹೊತ್ತಾದರೂ ಕದಲದೆ ನಿಲ್ಲಬಲ್ಲವರು. ಮದುವೆಯ ಮನೆಯಲ್ಲಿ ಕದಲದವರು ಯಾರಿದ್ದಾರೆ? ಅದೂ ಅಲ್ಲದೆ, 1851ರಲ್ಲಿ ಬಂದ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಫಲಕಕ್ಕೆ ದ್ರಾವಣ ಹಚ್ಚಿ, ಅದು ಒಣಗುವುದರೊಳಗೆ ಚಿತ್ರ ತೆಗೆದು, ಒಣಗುವುದರೊಳಗೇ ಸಂಸ್ಕರಿಸಬೇಕಾಗಿತ್ತು. ಕತ್ತಲೆಯ ಗುಡಾರವೊಂದನ್ನು ಹೊತ್ತುಕೊಂಡೇ ತಿರುಗಬೇಕು. ಅಡಿಗೆಯ ಒಲೆ, ಓಲಗ, ಬೀಗರ ಗದ್ದಲಗಳ ನಡುವೆ ಇನ್ನೊಂದು ಗುಡಾರಕ್ಕೆ ಎಲ್ಲಿಯ ಜಾಗ! ಆದ್ದರಿಂದ ಮದುವೆಯ ಮನೆಗೆ ಫೋಟೋದವನು ಬರಲಿಲ್ಲ; ಮದುಮಕ್ಕಳೇ ಅವನಲ್ಲಿಗೆ ಹೋದರು. ಗಾಜಿನ ಮಾಡಿನ ಸ್ಟುಡಿಯೋ, ಬಣ್ಣದ ಪರದೆ, ಕತ್ತು ಅಲುಗದಂತೆ ಹಿಂದಿನಿಂದ ಆತುಕೊಳ್ಳುವ ಕಬ್ಬಿಣದ ಕವಲು ಇವೆಲ್ಲ ಆ ಕಾಲದ ಸಲಕರಣೆ. ಘೋಷಾ ಪದ್ಧತಿಯ ಮನೆತನದ ಹೆಣ್ಣುಮಕ್ಕಳಿಗಾಗಿ ರಾಜಾ ದೀನ್ ದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಪ್ರತ್ಯೇಕ ಜನಾನಾ ಸ್ಟುಡಿಯೋ ತೆರೆದು, ಅದನ್ನು ಒಬ್ಬ ಆಂಗ್ಲ ಮಹಿಳೆಯ ವಶಕ್ಕೆ ಒಪ್ಪಿಸಿದರು. ಸಿದ್ಧತೆಯೆಂದರೆ ಮಸೂರ, ಫಲಕಗಳ ಸಿದ್ಧತೆ ಮಾತ್ರವಲ್ಲ, ಸಮಾಜದ ಮನಸ್ಸನ್ನು ಬಲ್ಲ ಸಿದ್ಧತೆಯೂ ಹೌದೆಂಬುದನ್ನು ಅವರು ಅರಿತಿದ್ದರು.

1871ರಲ್ಲಿ ಮ್ಯಾಡಾಕ್ಸ್ ಎಂಬ ವೈದ್ಯ ಸೂಚಿಸಿದ ಒಣ ಫಲಕ ಮುಂದಿನ ದಶಕದಲ್ಲಿ ಅಂಗಡಿಗೆ ಬಂದ ಮೇಲೆ ಛಾಯಾಗ್ರಾಹಕನ ಕಾಲಿಗೆ ಬಿಡುಗಡೆ ದೊರೆಯಿತು. ಮೂರು ಕಾಲಿನ ಮರದ ಆಸರೆ, ತಿದಿಯಂಥ ಕ್ಯಾಮೆರಾ, ಕರಿಯ ಬಟ್ಟೆ, ಪೆಟ್ಟಿಗೆಯಲ್ಲಿ ಆರೋ ಎಂಟೋ ಫಲಕ, ಇಷ್ಟರೊಂದಿಗೆ ಅವನು ಚಪ್ಪರದ ಬಾಗಿಲಿಗೆ ಬಂದ. ಆದರೆ ಮುಹೂರ್ತಕ್ಕಲ್ಲ. ಎಲ್ಲ ಮುಗಿದ ಮೇಲೆ, ಬೆಳಕು ಚೆನ್ನಾಗಿರುವ ಹೊತ್ತಿನಲ್ಲಿ, ಮನೆಯ ಮುಂದೆ ಜಮಖಾನ ಹಾಸಿ ಗ್ರೂಪ್ ಫೋಟೋ ತೆಗೆಯಲು. ನಿಮ್ಮಲ್ಲಿ ಅನೇಕರ ಮನೆಯ ಗೋಡೆಯ ಮೇಲೆ ಅಂಥದೊಂದು ಚಿತ್ರ ಇದ್ದಿರಬಹುದು. ಕುರ್ಚಿಯಲ್ಲಿ ಹಿರಿಯರು, ನಡುವೆ ಮದುಮಕ್ಕಳು, ಹಿಂದೆ ಪೇಟಗಳ ಸಾಲು, ನೆಲದ ಮೇಲೆ ಮಕ್ಕಳು. ಒಂದು ಮಗುವಿಗೆ ಮಾತ್ರ ಎರಡು ತಲೆ! ಯಾರೂ ನಗುವುದಿಲ್ಲ. ನಗೆಯನ್ನು ಎರಡು ಮೂರು ಸೆಕೆಂಡು ಹಿಡಿದು ನಿಲ್ಲುವುದು ಕಷ್ಟವೆಂಬುದು ಒಂದು ಕಾರಣ. ಹಿರಿಯರ ಎದುರಿಗೆ ಹಲ್ಲು ತೋರಿಸಬಾರದೆಂಬುದು ಇನ್ನೊಂದು. ನನಗೆ ಎರಡನೆಯದೇ ಹೆಚ್ಚು ಬಲವಾದ ಕಾರಣವೆನ್ನಿಸುತ್ತದೆ. ಏಕೆಂದರೆ ಅರ್ಧ ಸೆಕೆಂಡಿನಲ್ಲಿ ತೆಗೆದ ಚಿತ್ರಗಳಲ್ಲಿಯೂ ನಗೆಯಿಲ್ಲ.

ಆ ಹಳೆಯ ಚಿತ್ರಗಳಲ್ಲಿ ಮದುಮಗಳ ಮುಖ ಕಪ್ಪಿಟ್ಟಂತೆ ಕಾಣುವುದನ್ನು ಕಂಡು, ಬಿಸಿಲಿನಲ್ಲಿ ನಿಂತು ಬಾಡಿರಬೇಕೆಂದು ಕನಿಕರಿಸುವವರುಂಟು. ಕಾರಣ ಬೇರೆ. ಆ ಕಾಲದ ಸಾಮಾನ್ಯ ಫಲಕಗಳು ನೀಲಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿದ್ದವು; ಹಳದಿ ಅವಕ್ಕೆ ಮಬ್ಬು, ಕೆಂಪು ಕೇವಲ ಕತ್ತಲೆ. ಅರಿಸಿನ ಹಚ್ಚಿದ ಕೆನ್ನೆ, ಕುಂಕುಮ, ಕೆಂಪು ಧಾರೆಸೀರೆ, ಹೀಗೆ ನಮ್ಮ ಮದುವೆಯ ಮಂಗಳ ವರ್ಣಗಳೆಲ್ಲವನ್ನೂ ಆ ಗಾಜು ಕಪ್ಪೆಂದೇ ಓದುತ್ತಿತ್ತು. ಆಮೇಲೆ ಹಸುರು, ಹಳದಿಗಳನ್ನು ಕಾಣಬಲ್ಲ ಫಲಕ ಬಂದಿತು. ಕೆಂಪನ್ನೂ ಕಾಣಬಲ್ಲ ಪ್ಯಾಂಕ್ರೊಮ್ಯಾಟಿಕ್ ಫಲಕ 1906ರಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದರೂ ಸಣ್ಣ ಊರುಗಳಿಗೆ ಇಳಿದುಬರಲು ಕಾಲ ಹಿಡಿಯಿತು. ಅಲ್ಲಿಯವರೆಗೆ ಸ್ಟುಡಿಯೋದ ಕುಶಲಿ, ಚೂಪಾದ ಸೀಸದ ಕಡ್ಡಿಯಿಂದ ನೆಗೆಟಿವ್‌ನ ಕೆನ್ನೆಯನ್ನು ತೀಡುತ್ತ ಕೂಡಬೇಕಾಗಿತ್ತು. ಅಲ್ಲಿ ತೀಡಿದ ಕಪ್ಪು ಕಾಗದದ ಮೇಲೆ ಬಿಳುಪಾಗುತ್ತದೆ. ಮದುಮಗಳ ಬಣ್ಣವನ್ನು ತಿಳಿಗೊಳಿಸುವ ಚಾಳಿ ಹೀಗೆ ಒಂದು ರಾಸಾಯನಿಕ ದೋಷದ ಪರಿಹಾರವೆಂದು ಒಳಬಂದಿತು. ದೋಷ ಹೋದ ಮೇಲೂ ಚಾಳಿ ಹೋಗಲಿಲ್ಲ.

ಒಳಮನೆಯ ಕತ್ತಲೆಯನ್ನು ಗೆಲ್ಲಲು ಮೆಗ್ನೀಷಿಯಂ ಬಂದಿತು. 1887ರಲ್ಲಿ ಜರ್ಮನಿಯಲ್ಲಿ ಸಿದ್ಧವಾದ ಮಿಂಚುಪುಡಿಯನ್ನು ತಟ್ಟೆಯಲ್ಲಿ ಸುರಿದು ಹೊತ್ತಿಸಿದರೆ ಕಣ್ಣು ಕೋರೈಸುವ ಬೆಳಕು, ಹಿಂದೆಯೇ ಬಿಳಿಯ ಹೊಗೆ. ಒಣಗಿದ ತೆಂಗಿನ ಗರಿಯ ಚಪ್ಪರದ ಕೆಳಗೆ ಅದನ್ನು ಹೊತ್ತಿಸಲು ಯಾವ ಯಜಮಾನ ಒಪ್ಪಿಯಾನು? 1929ರಿಂದ ಈಚೆಗೆ ಗಾಜಿನ ಬುರುಡೆಯೊಳಗೇ ಉರಿದು ಮುಗಿಯುವ ಬಲ್ಬು ಬಂದಮೇಲೆ ಆ ಭಯ ತಪ್ಪಿತು. ಆದರೆ ಒಂದು ಚಿತ್ರಕ್ಕೆ ಒಂದು ಬಲ್ಬು. ಮೂವತ್ತಾರು ಚಿತ್ರವೆಂದರೆ ಮೂವತ್ತಾರು ಬಲ್ಬು. ಸುಟ್ಟ ಬಲ್ಬು ಕೈಗೆ ತಾಗಿದರೆ ಬೊಬ್ಬೆ. ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಲ್ಲಿ ರೂಪಿಸಿದ ವಿದ್ಯುತ್ ಮಿಂಚಿನ ಸಂತತಿಯೇ ಮುಂದೆ ನಮ್ಮ ಛತ್ರಗಳಲ್ಲಿ ಕಂಡ ಫ್ಲ್ಯಾಷ್ ಗನ್ನು.

ನಾನು ಕಣ್ಣಾರೆ ಕಂಡ ಕಾಲವೆಂದರೆ ಎರಡು ಕಣ್ಣಿನ ಕ್ಯಾಮೆರಾದ ಕಾಲ. ಜರ್ಮನಿಯ ರೋಲಿಫ್ಲೆಕ್ಸ್ 1929ರಲ್ಲಿ ಹುಟ್ಟಿತು. ಅದನ್ನು ಕೊಳ್ಳಲಾರದವರಿಗೆ ಮುಂದೆ ಜಪಾನಿನ ಯಾಶಿಕಾ ದೊರೆಯಿತು. ಎದೆಯ ಮಟ್ಟದಲ್ಲಿ ಹಿಡಿದು, ತಲೆ ತಗ್ಗಿಸಿ ಮೇಲಿನಿಂದ ನೋಡಬೇಕು. ಒಳಗೆ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. 120 ಎಂಬ ಸಂಖ್ಯೆಯ ಸುರುಳಿಯಲ್ಲಿ ಆರು ಸೆಂಟಿಮೀಟರಿನ ಹನ್ನೆರಡು ಚೌಕಗಳು. ಹನ್ನೆರಡೇ! ಆಮದಿನ ಕಟ್ಟುಪಾಡಿನ ದಿನಗಳಲ್ಲಿ ಆ ಸುರುಳಿಯೂ ಸುಲಭವಾಗಿ ಸಿಗುತ್ತಿರಲಿಲ್ಲ. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ‘ಇಂದು’ ಹೆಸರಿನ ಸರಕನ್ನು ಕೊಡತೊಡಗಿದ ಮೇಲೆ ಈ ಬವಣೆ ಕೊಂಚ ತಗ್ಗಿತು. ಮಧ್ಯಮ ವರ್ಗದ ಮದುವೆಗೆ ಮೂರು ಸುರುಳಿ. ಎರಡು ದಿನದ ಮದುವೆ ಮೂವತ್ತಾರು ಚೌಕಗಳಲ್ಲಿ ಅಡಗಬೇಕು.

ನಮ್ಮ ಊರಿನ ಛಾಯಾಗ್ರಾಹಕರೊಬ್ಬರು ಮದುವೆಯ ಹಿಂದಿನ ಸಂಜೆಯೇ ಛತ್ರಕ್ಕೆ ಬರುತ್ತಿದ್ದರು. ಅವರ ಚೀಲದಲ್ಲಿ ಏನೇನಿರುತ್ತಿತ್ತೆಂಬುದು ನನಗೆ ಕಂಠಪಾಠವಾಗಿತ್ತು. ಕ್ಯಾಮೆರಾ ಎರಡು, ಒಂದು ಒಳ್ಳೆಯದು, ಇನ್ನೊಂದು ಆಪದ್ಧನ. ಫ್ಲ್ಯಾಷ್ ಗನ್ನು, ಹೆಗಲಿಗೆ ತೂಗುವ ಬ್ಯಾಟರಿ, ಬಿಡಿ ಸೆಲ್ಲುಗಳು. ಕ್ಯಾಮೆರಾಕ್ಕೂ ಫ್ಲ್ಯಾಷಿಗೂ ಬೆಸೆಯುವ ಸಣ್ಣ ತಂತಿಗಳು ಮೂರು. ಈ ತಂತಿಯ ವಿಷಯದಲ್ಲಿ ಮಾತ್ರ ಅವರು ಯಾರನ್ನೂ ನಂಬುತ್ತಿರಲಿಲ್ಲ. ಫಿಲ್ಮು ಹಾಕುವ ಮೊದಲು ಕ್ಯಾಮೆರಾದ ಬೆನ್ನು ತೆರೆದು, ಮಸೂರವನ್ನು ಸುಣ್ಣದ ಗೋಡೆಯ ಕಡೆ ಹಿಡಿದು, ಗುಂಡಿ ಒತ್ತಿ, ಕವಾಟದ ಕಿಂಡಿಯಲ್ಲಿ ದುಂಡನೆಯ ಬೆಳಕು ಮಿಂಚಿದರೆ ಸರಿ. ಇಲ್ಲವಾದರೆ ಫ್ಲ್ಯಾಷ್ ಹೊತ್ತಿಕೊಂಡರೂ ಚಿತ್ರ ಮೂಡದು. ಮೂಡಲಿಲ್ಲವೆಂಬುದು ತಿಳಿಯುವುದು ಎರಡು ದಿನದ ಮೇಲೆ, ಕತ್ತಲೆಕೋಣೆಯಲ್ಲಿ. ಆ ಹೊತ್ತಿಗೆ ಮದುಮಗಳು ಗಂಡನ ಮನೆ ಸೇರಿರುತ್ತಾಳೆ. ಧಾರೆಯನ್ನು ಎರಡನೆಯ ಸಲ ಎರೆಯಲಾಗುತ್ತದೆಯೆ?

ಬೆಳಕಿನ ಲೆಕ್ಕ ಬಾಯಿಲೆಕ್ಕ. ಗನ್ನಿನ ಶಕ್ತಿ 32 ಎಂದಿದ್ದರೆ ಅದನ್ನು ದೂರದ ಮೀಟರುಗಳಿಂದ ಭಾಗಿಸಬೇಕು: ನಾಲ್ಕು ಮೀಟರಿಗೆ ಕಿಂಡಿಯ ಅಂಕ ಎಂಟು, ಎರಡು ಮೀಟರಿಗೆ ಹದಿನಾರು. ಅವರು ಹಸೆಮಣೆಯಿಂದ ಹೆಜ್ಜೆ ಅಳೆದು, ನೆಲದ ರಂಗೋಲಿಯ ಯಾವ ಎಳೆಯ ಬಳಿ ನಿಲ್ಲಬೇಕೆಂದು ಮೊದಲೇ ಗುರುತು ಮಾಡಿಕೊಳ್ಳುತ್ತಿದ್ದರು. ಹೋಮದ ಹೊಗೆಗೆ ಎದುರಾಗಿ ಮಿಂಚು ಹಾರಿಸಿದರೆ ಹೊಗೆಯೇ ಬೆಳ್ಳಗೆ ಮೂಡೀತೆಂದು ಗಾಳಿಯ ದಿಕ್ಕು ನೋಡುತ್ತಿದ್ದರು. ಕನ್ನಡಕದ ಮಾವನವರನ್ನು ಸ್ವಲ್ಪ ಓರೆಯಾಗಿ ಕೂರಿಸಬೇಕು; ಹೊಸ ಜರತಾರಿ ಅಂಚು ಎದುರಿಗೆ ಬಂದರೆ ಸುಟ್ಟ ಗೆರೆಯಂತಾಗುತ್ತದೆ. ಮನೆಯ ಹಿರಿಯರಿಂದ ಒಂದು ಪಟ್ಟಿ ಬರೆಸಿಕೊಳ್ಳುತ್ತಿದ್ದರು: ಯಾರು ಸೋದರಮಾವ, ಯಾವ ಅತ್ತೆಗೆ ಚಿತ್ರದಲ್ಲಿ ಇಲ್ಲವೆಂದರೆ ಮುನಿಸು ಬಂದೀತು. ಆ ಪಟ್ಟಿಯಲ್ಲಿ ಕೆಲವರ ಹೆಸರು ಇರುತ್ತಿರಲಿಲ್ಲ. ಗಂಡನನ್ನು ಕಳೆದುಕೊಂಡ ಅಜ್ಜಿಯರು, ಚಿಕ್ಕಮ್ಮಂದಿರು ನಡುಮನೆಯ ಕಂಬದ ಮರೆಯಲ್ಲಿ ನಿಂತೇ ನೋಡುತ್ತಿದ್ದರು. ಹಳೆಯ ಆಲ್ಬಮ್ಮುಗಳನ್ನು ತಿರುವುವಾಗ ಇರುವವರನ್ನಷ್ಟೇ ಅಲ್ಲ, ಇಲ್ಲದವರನ್ನೂ ಎಣಿಸಬೇಕು. ಆ ಛಾಯಾಗ್ರಾಹಕರು ಮೂರನೆಯ ಸುರುಳಿಯಲ್ಲಿ ಒಂದು ಚೌಕ ಉಳಿಸಿಕೊಂಡು, ಊಟದ ಗದ್ದಲದಲ್ಲಿ ಹಿತ್ತಿಲಿಗೆ ಹೋಗಿ, “ಅಜ್ಜಿ, ಒಂದು ನಿಮಿಷ ಈ ಕಡೆ ನೋಡಿ” ಎನ್ನುತ್ತಿದ್ದುದನ್ನು ನಾನು ಕಂಡಿದ್ದೇನೆ. ಅದರ ಹಣವನ್ನು ಅವರು ಕೇಳುತ್ತಿರಲಿಲ್ಲ.

ಮುಹೂರ್ತದ ಕೆಲವು ನಿಮಿಷಗಳೇ ಅವರ ಪರೀಕ್ಷೆ. ಹನ್ನೊಂದನೆಯ ಚೌಕ ಮುಗಿದಿರುವಾಗ ಅಂತರಪಟ ಸರಿದರೆ ಗತಿಯೇನು? ಆದ್ದರಿಂದ ಮೂರು ಚೌಕ ವ್ಯರ್ಥವಾದರೂ ಸರಿಯೆಂದು ಹೊಸ ಸುರುಳಿ ಏರಿಸಿಕೊಂಡೇ ಮಂಟಪದ ಬಳಿ ಹೋಗುತ್ತಿದ್ದರು. “ಶಾಸ್ತ್ರಿಗಳೇ, ಪಟ ತೆಗೆಯುವಾಗ ಒಂದು ಸನ್ನೆ ಮಾಡಿ” ಎಂದರೆ, “ಲಗ್ನ ನಿಮಗಾಗಿ ಕಾಯುವುದಿಲ್ಲ ರಾಯರೇ, ಗಟ್ಟಿಮೇಳ ಕೇಳಿಸಿಕೊಳ್ಳಿ” ಎಂದು ಪುರೋಹಿತರ ಉತ್ತರ. ಅದು ನಿಜವಾದ ಉಪಾಯವೇ. ಓಲಗದವರ ಕಡೆ ಒಂದು ಕಿವಿ ಇಟ್ಟುಕೊಂಡರೆ ಕಣ್ಣು ಚೌಕದ ಮೇಲಿರಬಹುದು. ಜೀರಿಗೆ ಬೆಲ್ಲ ಬೀಳುವುದು ಕ್ಷಣಾರ್ಧದ ಕೆಲಸ. ಒಮ್ಮೆ ಮಿಂಚಿದ ಫ್ಲ್ಯಾಷ್ ಮತ್ತೆ ತುಂಬಿಕೊಳ್ಳಲು ಹತ್ತು ಸೆಕೆಂಡಾದರೂ ಬೇಕು. ಒಂದೇ ಅವಕಾಶ. ಇಂದು ಪುರೋಹಿತರು ಕೈ ತಡೆದು ಕ್ಯಾಮೆರಾದವರ ಅಪ್ಪಣೆಗೆ ಕಾಯುವುದನ್ನೂ, ಮಾಂಗಲ್ಯವನ್ನು ಎತ್ತಿ ಹಿಡಿದೇ ವರ ನಿಂತಿರುವುದನ್ನೂ ಕಂಡಾಗ, ಯಾರು ಯಾರಿಗಾಗಿ ಕಾಯಬೇಕೆಂಬ ಆ ಹಳೆಯ ಮಾತು ನೆನಪಾಗುತ್ತದೆ.

ಈ ಚಿತ್ರಗಳನ್ನು ಕೇವಲ ಅಲಂಕಾರವೆಂದು ಎಣಿಸುವವರಿಗೆ ನಾನು ಕಾನೂನಿನ ಒಂದು ಪುಟವನ್ನು ತೋರಿಸಬಯಸುತ್ತೇನೆ. 1955ರ ಹಿಂದೂ ವಿವಾಹ ಕಾಯಿದೆಯ ಏಳನೆಯ ವಿಧಿಯಂತೆ, ಸಪ್ತಪದಿಯ ಸಂಪ್ರದಾಯವಿರುವಲ್ಲಿ ಏಳನೆಯ ಹೆಜ್ಜೆ ಇಟ್ಟಾಗ ಮದುವೆ ಪೂರ್ಣವಾಗುತ್ತದೆ. 1965ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ದ್ವಿಪತ್ನೀತ್ವದ ಪ್ರಕರಣವೊಂದು ಬಂದಿತು. ಎರಡನೆಯ ಮದುವೆಯಲ್ಲಿ ಅಗತ್ಯವಾದ ವಿಧಿಗಳು ನಡೆದುವೆಂಬುದು ಸಿದ್ಧವಾಗಲಿಲ್ಲವೆಂದು ಗಂಡ ಬಿಡುಗಡೆ ಹೊಂದಿದ. ಆ ಬಳಿಕ ಇಂಥ ಮೊಕದ್ದಮೆಗಳಲ್ಲೆಲ್ಲ ಹೋಮ ನಡೆಯಿತೆ, ಹೆಜ್ಜೆ ಇಟ್ಟರೆ ಎಂಬುದೇ ಪ್ರಶ್ನೆ. ಬಂಧುಗಳ ಸಾಕ್ಷ್ಯ ಬದಲಾಗುತ್ತದೆ, ಪುರೋಹಿತರು ಸಿಗುವುದಿಲ್ಲ. ಕೈಬಿಡಲ್ಪಟ್ಟ ಹೆಣ್ಣಿನ ಬಳಿ ಉಳಿಯುವುದು ಒಂದು ಆಲ್ಬಮ್ಮು. ಆಗ ಎದುರಿನ ವಕೀಲರು ನೆಗೆಟಿವ್ ಎಲ್ಲಿ ಎಂದು ಕೇಳುತ್ತಾರೆ. ಮದುವೆಯ ನೋಂದಣಿಗೆ ನಮ್ಮ ರಾಜ್ಯದಲ್ಲಿ 1976ರ ಕಾಯಿದೆಯೆಂದು ಕರೆಯಲಾಗುವ ಕಾಯಿದೆಯಿದೆ. 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ದೇಶಾದ್ಯಂತ ಕಡ್ಡಾಯಗೊಳಿಸಲು ಆದೇಶಿಸಿತು. ಆದರೂ ವಿಧಿಗಳೇ ನಡೆಯದಿದ್ದರೆ ನೋಂದಣಿಯ ಪತ್ರವೊಂದೇ ಹಿಂದೂ ವಿವಾಹವನ್ನು ಉಂಟುಮಾಡದೆಂದು ಅದೇ ನ್ಯಾಯಾಲಯ 2024ರಲ್ಲಿ ಹೇಳಿತು. ಧಾರೆ, ಮಾಂಗಲ್ಯಗಳಿಗೆ ಮಿಂಚು ಹಾರಿಸಿ, ಸಪ್ತಪದಿಯ ಹೊತ್ತಿಗೆ ಊಟದ ಮನೆಯ ಕಡೆ ನಡೆಯುವ ಛಾಯಾಗ್ರಾಹಕರು ಇದನ್ನು ಗಮನಿಸಬೇಕು. ಸಿದ್ಧತೆಯ ಪಟ್ಟಿಯಲ್ಲಿ ಆ ಏಳು ಹೆಜ್ಜೆಗಳಿಗೆ ಒಂದು ಚೌಕ ಮೀಸಲಾಗಿರಲಿ.

ಎಂಬತ್ತರ ದಶಕದಲ್ಲಿ ಬಣ್ಣವೂ ವಿಡಿಯೋ ದೀಪದ ಝಳವೂ ಬಂದವು. ಆ ಕತೆ ಎಲ್ಲರಿಗೂ ಗೊತ್ತಿರುವುದೇ. ಹೊಸ ಶತಮಾನದಲ್ಲಿ ಫಿಲ್ಮು ಹೋಗಿ, ಒಂದು ಮದುವೆಗೆ ಸಾವಿರಾರು ಚಿತ್ರಗಳಾದವು. ಒಂದೇ ಚಿತ್ರವನ್ನು ಎರಡು ಕಾರ್ಡುಗಳ ಮೇಲೆ ಒಟ್ಟಿಗೆ ಬರೆಯುವ ಕ್ಯಾಮೆರಾಗಳಿವೆ. ಅದು ನಮ್ಮ ಊರಿನವರ ಎರಡನೆಯ ಕ್ಯಾಮೆರಾದ ಮೊಮ್ಮಗ. ನ್ಯಾಯಾಲಯಕ್ಕೆ ಈಗ ನೆಗೆಟಿವ್ ಬೇಡ, ಇಲೆಕ್ಟ್ರಾನಿಕ್ ದಾಖಲೆಗೆ ಕಾನೂನು ಹೇಳುವ ಪ್ರಮಾಣಪತ್ರ ಬೇಕು.

ಬಣ್ಣದ ಮೊದಲ ಪೀಳಿಗೆಯ ಚಿತ್ರಗಳಲ್ಲಿ ನೀಲಿಯ ಅಂಶ ಮೊದಲು ಅಳಿಸಿಹೋಗಿ, ಮದುಮಕ್ಕಳೂ ಬಾಳೆಯ ಕಂಬವೂ ಕೆಂಪಡರಿ ನಿಂತಿದ್ದಾರೆ. ಅದಕ್ಕೂ ಹಿಂದಿನ ಕಪ್ಪು ಬಿಳುಪಿನವು, ಚೆನ್ನಾಗಿ ತೊಳೆದವಾದರೆ, ಹಾಗೆಯೇ ಇವೆ. ಸಣ್ಣ ಊರುಗಳಲ್ಲಿ ಮುಚ್ಚಿದ ಸ್ಟುಡಿಯೋಗಳ ಅಟ್ಟದ ಮೇಲೆ ಬೆಣ್ಣೆಕಾಗದದ ಲಕೋಟೆಗಳಲ್ಲಿ ಆರು ಸೆಂಟಿಮೀಟರಿನ ಚೌಕಗಳು ಇನ್ನೂ ಉಳಿದಿರುವುದುಂಟು. ಲಕೋಟೆಯ ಮೇಲೆ ಮನೆತನದ ಹೆಸರು, ಛತ್ರದ ಹೆಸರು, ಮದುವೆಯ ತಾರೀಖು. ಅಟ್ಟ ಗುಡಿಸುವವರು ಅವನ್ನು ರದ್ದಿಯವನಿಗೆ ಹಾಕುವ ಮುನ್ನ ಯಾರಾದರೂ ಒಮ್ಮೆ ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. ಕಪ್ಪು ಬಿಳುಪು ತಿರುವುಮುರುವಾಗಿ ಕಂಡರೂ ಯಾರು ಯಾರೆಂದು ಮನೆಯವರಿಗೆ ತಿಳಿಯುತ್ತದೆ; ಹನ್ನೆರಡನೆಯ ಚೌಕದಲ್ಲಿ ಹಿತ್ತಿಲ ಬಾಗಿಲಲ್ಲಿ ನಿಂತ ಅಜ್ಜಿಯೂ ಸಿಕ್ಕಾಳು.