ಬರಿಮುಷ್ಟಿಯ ಕಡೆಯ ಸಾರ್ವಭೌಮ

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಮುಷ್ಟಿಯುದ್ಧವು ಜನಸಾಮಾನ್ಯರ ಪರಮೋತ್ಸಾಹಕ್ಕೆ ಪಾತ್ರವಾಗಿದ್ದಂತೆಯೇ ಕಾನೂನಿನ ದೃಷ್ಟಿಯಲ್ಲಿ ದಂಡನಾರ್ಹವಾದ ಅಪರಾಧವೂ ಆಗಿದ್ದಿತು. ಪಣವೊಡ್ಡಿ ಬರಿಗೈಯಲ್ಲಿ ಕಾದುವವರನ್ನು ಸೆರೆಹಿಡಿಯಬೇಕೆಂದು ಸಂಸ್ಥಾನಗಳ ಶಾಸನಗಳು ವಿಧಿಸುತ್ತಿದ್ದ ಕಾಲದಲ್ಲಿಯೇ, ಆ ಕಾಳಗಗಳ ವಾರ್ತೆಗಾಗಿ ಊರೂರುಗಳಲ್ಲಿ ಜನರು ತಂತಿಯ ದಾರಿ ಕಾಯುತ್ತ ನಿಲ್ಲುತ್ತಿದ್ದರು. ಈ ವೈರುಧ್ಯದ ನಡುವೆ ತಲೆಯೆತ್ತಿ ನಿಂತು ದೇಶಕ್ಕೆ ದೇಶವೇ ತನ್ನ ಹೆಸರನ್ನು ಬಾಯಿಪಾಠ ಮಾಡುವಂತೆ ಮಾಡಿದವನು ಬಾಸ್ಟನ್ನಿನ ಜಾನ್ ಎಲ್. ಸಲಿವನ್. ಬರಿಮುಷ್ಟಿಯ ಯುಗದ ಕಡೆಯ ಸಾರ್ವಭೌಮನೆಂದು ಚರಿತ್ರೆ ಅವನನ್ನು ಸ್ಮರಿಸುತ್ತದೆ. ಆದರೆ ಅವನ ಬಾಳನ್ನು ಸಾವಧಾನವಾಗಿ ಪರಿಶೀಲಿಸಿದವರಿಗೆ, ಆ ಸಂಪ್ರದಾಯವನ್ನು ಉಳಿಸಿದವನಿಗಿಂತ ಅದಕ್ಕೆ ಮಂಗಳ ಹಾಡಿದವನಾಗಿಯೇ ಅವನು ಹೆಚ್ಚಾಗಿ ಗೋಚರಿಸುತ್ತಾನೆ.

ಆ ಸಂಪ್ರದಾಯದ ಕಟ್ಟುಪಾಡುಗಳು ಇಂಗ್ಲೆಂಡಿನಿಂದ ಬಂದವು. 1838ರಲ್ಲಿ ರೂಪುಗೊಂಡ ಲಂಡನ್ ನಿಯಮಾವಳಿಯಂತೆ, ಹುಲ್ಲುನೆಲದ ಮೇಲೆ 24 ಅಡಿ ಚೌಕಕ್ಕೆ ಗೂಟ ನೆಟ್ಟು, ಹಗ್ಗ ಬಿಗಿದು, ಅದರೊಳಗೆ ಮೊಳೆಯ ಪಾದರಕ್ಷೆ ತೊಟ್ಟ ಇಬ್ಬರು ಜಟ್ಟಿಗಳು ಕಾದಬೇಕಾಗಿದ್ದಿತು. ಸುತ್ತಿಗೆ ಇಂತಿಷ್ಟೇ ಹೊತ್ತೆಂಬ ಮಿತಿಯಿಲ್ಲ; ಇಬ್ಬರಲ್ಲೊಬ್ಬನು ನೆಲಕ್ಕುರುಳಿದಾಗಲೇ ಸುತ್ತು ಮುಗಿಯುವುದು. ಬಿದ್ದವನಿಗೆ 30 ಸೆಕೆಂಡುಗಳ ವಿಶ್ರಾಂತಿ, ಆಮೇಲೆ 8 ಸೆಕೆಂಡುಗಳೊಳಗಾಗಿ ಯಾರ ಆಸರೆಯೂ ಇಲ್ಲದೆ ಕಣದ ನಡುಗೆರೆಗೆ ಬಂದು ನಿಲ್ಲಬೇಕು, ನಿಲ್ಲಲಾರದವನು ಸೋತಂತೆ. ಸೊಂಟದಿಂದ ಮೇಲೆ ಹಿಡಿದು ಕೆಡಹುವುದಕ್ಕೆ ಅವಕಾಶವಿದ್ದಿತು. ಒದೆಯುವುದು, ಕಚ್ಚುವುದು, ತಲೆಯಿಂದ ಗುಮ್ಮುವುದು, ಬಿದ್ದವನನ್ನು ಹೊಡೆಯುವುದು ನಿಷಿದ್ಧವಾಗಿದ್ದವು. ಕೈಗವಸು, ಮೂರು ನಿಮಿಷಗಳ ಸುತ್ತು ಮತ್ತು ಒಂದು ನಿಮಿಷದ ವಿರಾಮಗಳನ್ನು ವಿಧಿಸಿ, ಮಲ್ಲಯುದ್ಧದ ಪಟ್ಟುಗಳನ್ನು ತೊಡೆದುಹಾಕಿದ ಕ್ವೀನ್ಸ್‌ಬರಿ ನಿಯಮಗಳು 1867ರಲ್ಲಿಯೇ ಪ್ರಕಟವಾಗಿದ್ದರೂ, ಸಾರ್ವಭೌಮ ಪದವಿ ಮಾತ್ರ ಬರಿಗೈಯಲ್ಲಿಯೇ ನಿರ್ಣಯವಾಗಬೇಕೆಂಬ ಭಾವನೆ ಇನ್ನೂ ಅಳಿದಿರಲಿಲ್ಲ.

ಸಲಿವನ್ ಹುಟ್ಟಿದುದು 1858ರ ಅಕ್ಟೋಬರ್ 15ರಂದು, ಬಾಸ್ಟನ್ನಿಗೆ ಸೇರಿಕೊಂಡಂತಿದ್ದ ರಾಕ್ಸ್‌ಬರಿಯಲ್ಲಿ, ಐರ್ಲೆಂಡಿನಿಂದ ಹೊಟ್ಟೆಪಾಡಿಗಾಗಿ ವಲಸೆ ಬಂದ ಕುಟುಂಬದಲ್ಲಿ. ತಂದೆ ಮೈಕೇಲ್ ಗಿಡ್ಡ ಆಳು, ಕಟ್ಟಡದ ಕೆಲಸದ ಕೂಲಿಗಾರ. ಮಗನ ದೇಹಪುಷ್ಟಿ ತಾಯಿಯ ಕಡೆಯಿಂದ ಬಂದುದು. ಕೊಳಾಯಿ ಕೆಲಸ, ತಗಡಿನ ಕೆಲಸ, ಗಾರೆ ಕೆಲಸ ಹೀಗೆ ಒಂದೊಂದರಲ್ಲಿಯೂ ಸ್ವಲ್ಪಕಾಲ ಕೈಯಾಡಿಸಿ ಎಲ್ಲಿಯೂ ನೆಲೆನಿಲ್ಲದ ಈ ತರುಣನು, ನಾಟಕಶಾಲೆಯೊಂದರ ರಂಗದ ಮೇಲೆ ಸವಾಲು ಹಾಕಿದವನೊಬ್ಬನನ್ನು ಒಂದೇ ಪೆಟ್ಟಿಗೆ ಕೆಳಗಿನ ವಾದ್ಯಗಾರರ ನಡುವೆ ಉರುಳಿಸಿದನೆಂದು ಮುಂದೆ ತಾನೇ ಹೇಳಿಕೊಳ್ಳುತ್ತಿದ್ದನು.

1881ರ ಮೇ ತಿಂಗಳಲ್ಲಿ ಜಾನ್ ಫ್ಲಡ್ ಎಂಬವನೊಡನೆ ಅವನಿಗೆ ಏರ್ಪಟ್ಟ ಕಾಳಗವು, ಆ ವೃತ್ತಿ ಯಾವ ಅವಸ್ಥೆಯಲ್ಲಿದ್ದಿತೆಂಬುದಕ್ಕೆ ಸಾಕ್ಷಿಯಾಗಿದೆ. ನೆಲದ ಮೇಲಾದರೆ ಪೋಲೀಸರ ಕಾಟವೆಂದು, ಯಾಂಕರ್ಸ್ ಬಳಿಯಲ್ಲಿ ಹಡ್ಸನ್ ನದಿಯ ನಡುವೆ ದೊಡ್ಡ ದೋಣಿಯೊಂದನ್ನು ನಿಲ್ಲಿಸಿ, ಅದರ ಮೇಲೆಯೇ ಕಣ ಕಟ್ಟಿ, ರಾತ್ರಿಯಲ್ಲಿ ಈ ಹೋರಾಟವನ್ನು ನಡೆಸಿದರು. ಎಂಟು ಸುತ್ತುಗಳಲ್ಲಿ ಫ್ಲಡ್ ಸೋತನು. ಮರುವರ್ಷ ಫೆಬ್ರವರಿ 7ರಂದು ಮಿಸ್ಸಿಸ್ಸಿಪ್ಪಿ ಸಿಟಿಯೆಂಬ ಕಡಲತಡಿಯ ಊರಿನಲ್ಲಿ ಆಗಿನ ಸಾರ್ವಭೌಮನಾಗಿದ್ದ ಪ್ಯಾಡಿ ರಯನ್ ಎಂಬ ಪ್ರಸಿದ್ಧ ಮುಷ್ಟಿಮಲ್ಲನನ್ನು ಒಂಬತ್ತು ಸುತ್ತುಗಳಲ್ಲಿ ಕೆಡಹಿ, ಇಪ್ಪತ್ಮೂರು ವರ್ಷದ ಸಲಿವನ್ ಸಾರ್ವಭೌಮನಾದನು.

ಪದವಿ ಕೈಗೆ ಬಂದ ಮೇಲೆ ಅವನು ಮಾಡಿದ ಕಾರ್ಯ ಅವನಿಗಿಂತ ಮುಂಚಿನವರಾರಿಗೂ ತೋಚದುದಾಗಿದ್ದಿತು. ಬರಿಗೈ ಕಾಳಗದಲ್ಲಿ ಗೆದ್ದವನಿಗೆ ದಕ್ಕುತ್ತಿದ್ದುದು ಪಣದ ಹಣ ಮಾತ್ರ. ಅಡಗಿ ನಡೆಯುವ ಆಟಕ್ಕೆ ಬಹಿರಂಗವಾಗಿ ಚೀಟಿ ಮಾರುವುದೆಂತು? ಕೈಗವಸು ತೊಟ್ಟರಾದರೋ ಅದೇ ಹೋರಾಟವು ‘ಪ್ರದರ್ಶನ’ವೆಂಬ ಹೆಸರಿನಿಂದ ನಾಟಕಶಾಲೆಯನ್ನು ಹೊಗಬಹುದಾಗಿದ್ದಿತು. 1883ರಿಂದ 1884ರವರೆಗೆ, ಸುಮಾರು ಎಂಟು ತಿಂಗಳ ಕಾಲ, ಸಲಿವನ್ ತನ್ನ ತಂಡದೊಡನೆ ರೈಲಿನಲ್ಲಿ ದೇಶವನ್ನೆಲ್ಲ ಸುತ್ತುತ್ತ, ತನ್ನೆದುರು ನಾಲ್ಕು ಸುತ್ತು ನಿಲ್ಲಬಲ್ಲವನಿಗೆ 1,000 ಡಾಲರಿನವರೆಗೆ ಬಹುಮಾನವೆಂದು ಡಂಗುರ ಹೊಡೆಸಿದನು. ಆಯಾ ಊರಿನ ಬಲಶಾಲಿಗಳು ರಂಗವನ್ನೇರಿ ಕ್ಷಣಮಾತ್ರದಲ್ಲಿ ಮಲಗಿದರು. ಊರಿನವರಾದರೋ ಚೀಟಿ ಕೊಂಡು ಸಾರ್ವಭೌಮನನ್ನು ಕಣ್ಣಾರೆ ಕಂಡರು. ಹಣವು ಹೊಳೆಯಾಗಿ ಬಂದಿತು. ಬಂದ ದಾರಿಯಲ್ಲಿಯೇ ಅದು ಮದ್ಯದಂಗಡಿಗಳಿಗೂ ಸಾಲ ಕೇಳಿದವರಿಗೂ ಹರಿದುಹೋಯಿತು.

1888ರ ಮಾರ್ಚ್ 10ರಂದು ಫ್ರಾನ್ಸಿನ ಶಾಂಟಿಯಿ ಎಂಬಲ್ಲಿ ಇಂಗ್ಲೆಂಡಿನ ಚಾರ್ಲಿ ಮಿಚೆಲ್‌ನೊಡನೆ, ಸುರಿಯುವ ಮಳೆಯಲ್ಲಿ, ಕೆಸರಿನ ಕಣದಲ್ಲಿ ಮೂರು ಗಂಟೆಗೂ ಮಿಕ್ಕಿ 39 ಸುತ್ತು ಕಾದಿಯೂ ಸಲಿವನ್ ಗೆಲ್ಲಲಾರದೆ ಸಮಬಲಕ್ಕೆ ಒಪ್ಪಬೇಕಾಯಿತು. ಕುಡಿತದಿಂದ ಅವನ ದೇಹ ಕೆಟ್ಟಿದೆಯೆಂಬ ಮಾತು ಹಬ್ಬಿತು. ‘ಪೋಲೀಸ್ ಗೆಜೆಟ್’ ಪತ್ರಿಕೆಯ ಒಡೆಯನಾದ ರಿಚರ್ಡ್ ಫಾಕ್ಸ್, ಜೇಕ್ ಕಿಲ್ರೇನ್ ಎಂಬವನೇ ನಿಜವಾದ ಸಾರ್ವಭೌಮನೆಂದು ಸಾರಿ ಅವನಿಗೆ ಸಾರ್ವಭೌಮತ್ವದ ನಡುಪಟ್ಟಿಯನ್ನು ಅದಾಗಲೇ ತೊಡಿಸಿದ್ದನು. ಈ ವ್ಯಾಜ್ಯಕ್ಕೆ ಪಕ್ಷಕ್ಕೆ 10,000 ಡಾಲರ್ ಪಣವೊಡ್ಡಿ ಕಾಳಗವು ಗೊತ್ತಾದ ಮೇಲೆ, ಮಲ್ಲವಿದ್ಯಾಪ್ರವೀಣನಾದ ವಿಲಿಯಂ ಮಲ್ಡೂನ್ ಸಲಿವನ್ನನನ್ನು ನ್ಯೂಯಾರ್ಕ್ ಸಂಸ್ಥಾನದ ಬೆಲ್‌ಫಾಸ್ಟ್ ಎಂಬ ಹಳ್ಳಿಯ ತನ್ನ ಗರಡಿಗೆ ಒಯ್ದು, ಮದ್ಯವನ್ನು ಬಿಡಿಸಿ, ಬೆವರಿಳಿಸಿ, ಮತ್ತೆ ಆಳನ್ನಾಗಿ ಮಾಡಿದನು.

1889ರ ಜುಲೈ 8. ಮಿಸ್ಸಿಸ್ಸಿಪ್ಪಿಯ ಗವರ್ನರ್ ಲೌರಿ ಈ ಕಾಳಗವನ್ನು ನಿಷೇಧಿಸಿದ್ದನು. ಆದುದರಿಂದ ಎಲ್ಲಿಗೆ ಹೋಗುವೆವೆಂದೂ ತಿಳಿಯದ ಪ್ರೇಕ್ಷಕರನ್ನು ತುಂಬಿಕೊಂಡು ನ್ಯೂ ಆರ್ಲಿಯನ್ಸಿನಿಂದ ರಾತ್ರಿಯೇ ಹೊರಟ ವಿಶೇಷ ರೈಲುಗಳು ರಿಚ್‌ಬರ್ಗ್ ಎಂಬಲ್ಲಿ, ಮರ ಕೊಯ್ಯುವ ಕಾರ್ಖಾನೆಯ ಒಡೆಯನೊಬ್ಬನ ಪೈನ್ ಕಾಡಿನಲ್ಲಿ ನಿಂತವು. ಹಸಿಮರದ ಹಲಗೆಗಳ ಮೇಲೆ ಕುಳಿತವರ ಬಟ್ಟೆಗೆ ಬಿಸಿಲಿಗೆ ಕರಗಿದ ರಾಳ ಅಂಟಿಕೊಳ್ಳುತ್ತಿದ್ದಿತು. ಮೊದಲ ಸುತ್ತಿನಲ್ಲಿ ಕಿಲ್ರೇನನೇ ಸಲಿವನ್ನನನ್ನು ಹಿಡಿದು ಕೆಡಹಿದನು. ಅಲ್ಲಿಂದ ಮುಂದೆ ಪೆಟ್ಟು ತಗಲುವುದಕ್ಕೆ ಮೊದಲೇ ಬಿದ್ದು ವಿಶ್ರಾಂತಿ ಪಡೆಯುವ ಉಪಾಯವನ್ನು ಹಿಡಿದನು. 44ನೆಯ ಸುತ್ತಿನಲ್ಲಿ ಸಲಿವನ್ ವಾಂತಿಮಾಡಿಕೊಂಡಾಗ, ಸಮಬಲವೆನ್ನೋಣವೇ ಎಂದು ಕಿಲ್ರೇನ್ ಕೇಳಿದನಂತೆ. ಅದಕ್ಕೆ ಉತ್ತರವಾಗಿ ಬಂದುದು ಇನ್ನಷ್ಟು ಗುದ್ದುಗಳು. ಎರಡು ಗಂಟೆ ಹದಿನಾರು ನಿಮಿಷಗಳ ಮೇಲೆ, 75 ಸುತ್ತುಗಳು ಕಳೆದಾಗ, ಇನ್ನು ಮುಂದುವರಿದರೆ ತನ್ನವನು ಸಾಯುವನೆಂದು ಹೆದರಿ ಕಿಲ್ರೇನನ ಪಕ್ಷದ ಮೈಕ್ ಡೊನೊವನ್ ಸ್ಪಂಜನ್ನು ಕಣದೊಳಗೆ ಎಸೆದು ಸೋಲನ್ನೊಪ್ಪಿಕೊಂಡನು.

ಬರಿಗೈಯಲ್ಲಿ ಸಾರ್ವಭೌಮತ್ವ ನಿರ್ಣಯವಾದ ಕಡೆಯ ಮಹಾಕಾಳಗ ಅದೇ. ವಿಜಯೋತ್ಸವ ಮುಗಿಯುವುದಕ್ಕೆ ಮುಂಚೆಯೇ ಸಲಿವನ್ ಬಂಧಿತನಾದನು. ಒಂದು ವರ್ಷದ ಸೆರೆಮನೆ ಶಿಕ್ಷೆಯಾಗಿ, ಮೇಲಿನ ನ್ಯಾಯಾಲಯದಲ್ಲಿ ಅದು ರದ್ದಾಗಿ, ಅಂತೂ 500 ಡಾಲರ್ ದಂಡ ತೆತ್ತು ಪಾರಾದನು. ಇಷ್ಟಾದ ಮೇಲೆ ಅವನಿಗೆ ಬರಿಗೈಯ ಮೋಹ ಉಳಿಯಲಿಲ್ಲ. 1892ರಲ್ಲಿ ಅವನು ಲೋಕಕ್ಕೆಲ್ಲ ಹಾಕಿದ ಸವಾಲಿನಲ್ಲಿ ಕ್ವೀನ್ಸ್‌ಬರಿ ನಿಯಮಗಳೇ ಆಗಬೇಕೆಂದು ಸ್ಪಷ್ಟವಾಗಿ ವಿಧಿಸಿದ್ದನು. ಆ ವರ್ಷ ಸೆಪ್ಟೆಂಬರ್ 7ರಂದು ನ್ಯೂ ಆರ್ಲಿಯನ್ಸಿನ ಒಲಿಂಪಿಕ್ ಕ್ಲಬ್ಬಿನಲ್ಲಿ, ವಿದ್ಯುದ್ದೀಪಗಳ ಬೆಳಕಿನಲ್ಲಿ, ಕಾನೂನಿನ ಸಮ್ಮತಿಯೊಡನೆ, ಐದು ಔನ್ಸ್ ತೂಕದ ಕೈಗವಸು ತೊಟ್ಟು ನಿಂತ ಸಲಿವನ್ನನನ್ನು, ಚುರುಕು ಕಾಲುಗಳ ಜೇಮ್ಸ್ ಕಾರ್ಬೆಟ್ 21ನೆಯ ಸುತ್ತಿನಲ್ಲಿ ಉರುಳಿಸಿದನು. ಸೋತವನು ಹಗ್ಗ ಹಿಡಿದು ನಿಂತು, ಪದವಿ ಅಮೆರಿಕದವನಿಗೇ ಹೋಯಿತಲ್ಲ, ಅಷ್ಟು ಸಾಕು ಎಂಬರ್ಥದ ನಾಲ್ಕು ಮಾತನಾಡಿ ನೆರೆದವರ ಮನ್ನಣೆ ಪಡೆದನು.

ಅವನ ಕೀರ್ತಿಯ ಒಂದು ಕಲೆಯನ್ನು ಮರೆಮಾಚುವುದು ಧರ್ಮವಲ್ಲ. ಕರಿಯ ಜನಾಂಗದವರೊಡನೆ ತಾನು ಹೋರಾಡುವುದಿಲ್ಲವೆಂದು ಅದೇ ಸವಾಲಿನಲ್ಲಿ ಅವನು ಘೋಷಿಸಿದ್ದನು. 1891ರಲ್ಲಿ ಕಾರ್ಬೆಟ್ಟನೆದುರು 61 ಸುತ್ತು ನಿಂತ ಪೀಟರ್ ಜಾಕ್ಸನ್ ಎಂಬ ಮಹಾಮಲ್ಲನಿಗೆ ಸಲಿವನ್ ಅವಕಾಶವನ್ನೇ ಕೊಡಲಿಲ್ಲ. ಸಲಿವನ್ ಸೋಲುವ ಹಿಂದಿನ ಸಂಜೆ ಅದೇ ಒಲಿಂಪಿಕ್ ಕ್ಲಬ್ಬಿನಲ್ಲಿ ಜಾರ್ಜ್ ಡಿಕ್ಸನ್ ಎಂಬ ಕರಿಯನು ಬಿಳಿಯ ಪ್ರತಿಸ್ಪರ್ಧಿಯನ್ನು ಸೋಲಿಸಿದ್ದುದನ್ನು ನೆನೆದರೆ, ಹೆವಿವೇಟ್ ಪದವಿಗೆ ಸಲಿವನ್ ಹಾಕಿದ ಬೇಲಿ ಎಷ್ಟು ಕೃತಕವಾದುದೆಂಬುದು ವ್ಯಕ್ತವಾಗುತ್ತದೆ.

1905ರಲ್ಲಿ ಕುಡಿತವನ್ನು ತೊರೆದು, ಊರೂರುಗಳಲ್ಲಿ ಮದ್ಯಪಾನದ ವಿರುದ್ಧ ಉಪನ್ಯಾಸಗಳನ್ನು ಕೊಡುತ್ತ, ಕಡೆಗೆ ಮ್ಯಾಸಚೂಸೆಟ್ಸಿನ ಅಬಿಂಗ್ಟನ್ನಿನ ಹೊಲಮನೆಯಲ್ಲಿ ನೆಲಸಿದ ಸಲಿವನ್, 1918ರ ಫೆಬ್ರವರಿ 2ರಂದು ತನ್ನ 59ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಜೇಕ್ ಕಿಲ್ರೇನ್ ಒಬ್ಬನು.

ಬರಿಮುಷ್ಟಿಯನ್ನು ನಾಗರಿಕತೆಯ ಕರುಣೆ ಓಡಿಸಿತೆಂದು ಹೇಳುವವರುಂಟು. ಚರಿತ್ರೆಯ ಸಾಕ್ಷ್ಯ ಹಾಗಿಲ್ಲ. ಪೋಲೀಸರ ಭಯ ಒಂದು ಕಡೆ, ಚೀಟಿಮಾರಾಟದ ಆಸೆ ಮತ್ತೊಂದು ಕಡೆ ನೂಕಿದುದರಿಂದ ಜಟ್ಟಿಯ ಕೈಗೆ ಗವಸು ಬಂದಿತು. ಬರಿಗೈಯಲ್ಲಿ ತಲೆಬುರುಡೆಗೆ ಬೀಸಿ ಹೊಡೆದರೆ ತನ್ನ ಬೆರಳೇ ಮುರಿದೀತೆಂಬ ಅಂಜಿಕೆ ಹಿಂದಿನವನಿಗಿದ್ದಿತು; ಗವಸು ಆ ಅಂಜಿಕೆಯನ್ನು ಕಳೆದು, ಹೊಡೆಯುವ ಕೈಯನ್ನು ಕಾಪಾಡಿ, ಹೊಡೆಸಿಕೊಳ್ಳುವ ತಲೆಯನ್ನು ಅದರ ಪಾಡಿಗೆ ಬಿಟ್ಟಿತು. ಸಲಿವನ್ ಮುಷ್ಟಿಯುದ್ಧವನ್ನು ಕಾಡಿನಿಂದ ನಗರದ ರಂಗಮಂದಿರಕ್ಕೆ ತಂದನೆಂಬುದು ನಿಶ್ಚಯ. ಅದರಿಂದ ಆ ವೃತ್ತಿ ಹೆಚ್ಚು ಮರ್ಯಾದೆಯದಾಯಿತೇ ಹೊರತು ಹೆಚ್ಚು ದಯೆಯದಾಗಲಿಲ್ಲ.